ಇಂಜಿನ್ ನಿಂತ ಕಾರನ್ನು ಎಳೆಯುವಾಗ

ಎರಡು ಮಳೆಗಾಲದ ಹಿಂದೆ ಮೇಗರವಳ್ಳಿ ಹತ್ತಿರ ಭಾವನ ಕಾರು ನಿಂತುಬಿಟ್ಟಿತು. ಧೋ ಅಂತ ಮಳೆ, ಫೋನಿಗೆ ನೆಟ್‌ವರ್ಕ್ ಇಲ್ಲ. ಹಿಂದಿನಿಂದ ಬಂದ ಜೀಪಿನವರು ಇಳಿದು ನೋಡಿ, "ನ್ಯೂಟ್ರಲ್‌ಗೆ ಹಾಕಿ ಮಾರಾಯ್ರೆ, ತೀರ್ಥಹಳ್ಳಿವರೆಗೆ ಎಳ್ಕೊಂಡು ಹೋಗಿ ಬಿಡ್ತೀನಿ" ಅಂದರು. ಜೀಪಿನಲ್ಲಿದ್ದ ನೈಲಾನ್ ಹಗ್ಗ ಕಟ್ಟಿದರು. ಕಾರಿನ ಸ್ಟಿಯರಿಂಗ್ ಹಿಡಿದವನು ನಾನು.

ಮೊದಲ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಹಿಡಿಯಿತು. ಎರಡನೇ ಸಲವೂ ಹಿಡಿಯಿತು. ಮೂರನೇ ಸಲ ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಇಟ್ಟು ತುಳಿದೆ. ಜೀಪಿನ ಹಿಂದೆ ಸಿಕ್ಕಿಸಿದ್ದ ಸ್ಟೆಪ್ನಿ ಗಾಜಿನ ಮುಂದೆ ದೊಡ್ಡದಾಗುತ್ತಾ ಬಂತು. ಅದರ ನಟ್ಟಿಗೆ ಅಂಟಿದ ಕೆಂಪು ಕೆಸರು ಕಾಣುವಷ್ಟು ಹತ್ತಿರ ಬಂದು ಕಾರು ನಿಂತಿತು.

ಬ್ರೇಕ್ ಕೆಟ್ಟಿರಲಿಲ್ಲ. ಇಂಜಿನ್ ನಿಂತಿತ್ತು, ಅಷ್ಟೇ. ಬಾನೆಟ್ ಎತ್ತಿದರೆ ಪೆಡಲಿನ ನೇರಕ್ಕೆ ಸಣ್ಣ ಬಾಣಲೆಯಷ್ಟು ಅಗಲದ ಕಪ್ಪು ಡಬ್ಬಿ ಕಾಣುತ್ತದೆ. ಅದೇ ಬ್ರೇಕ್ ಬೂಸ್ಟರ್. ಒಳಗೆ ರಬ್ಬರಿನ ಪರದೆ. ಪರದೆಯ ಒಂದು ಬದಿಯ ಗಾಳಿಯನ್ನು ಓಡುತ್ತಿರುವ ಇಂಜಿನ್ ಹೀರಿ ತೆಗೆಯುತ್ತಾ ಇರುತ್ತದೆ. ನಾವು ಪೆಡಲ್ ಒತ್ತಿದ ಕೂಡಲೇ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ದೂಡುತ್ತದೆ. ವಾತಾವರಣದ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಭಾರದಷ್ಟು ಒತ್ತುತ್ತದೆ. ಕಾರು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಈ ಗಾಳಿಯದ್ದು, ನಮ್ಮ ಕಾಲಿನದ್ದಲ್ಲ. ಇಂಜಿನ್ ನಿಂತರೆ ಡಬ್ಬಿಯಲ್ಲಿ ಉಳಿದಿರುವುದು ಎರಡು ಮೂರು ಸಲದ ಕಸುವು ಮಾತ್ರ.

ಆವತ್ತು ತೀರ್ಥಹಳ್ಳಿ ತಲುಪಿದೆವು. ಆದರೆ ಭಾವನದ್ದು ಆಟೊಮ್ಯಾಟಿಕ್ ಗೇರಿನ ಕಾರು. ಇಂಜಿನ್ ರಿಪೇರಿಯಾಗಿ ಬಂದ ಮೇಲೆ ಗೇರ್ ಜಾರತೊಡಗಿತು. ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆ ಇಳಿಸಿದಾಗ ನಾನೂ ಅಲ್ಲಿದ್ದೆ. ಕೆಂಪಗೆ ತಿಳಿಯಾಗಿ ಇರಬೇಕಿದ್ದ ಎಣ್ಣೆ ಕಪ್ಪಾಗಿತ್ತು, ಸೀದ ವಾಸನೆ ಹೊಡೆಯುತ್ತಿತ್ತು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಪಂಪನ್ನು ತಿರುಗಿಸುವುದು ಇಂಜಿನ್. ಎಳೆಯುವಾಗ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಗೇರ್‌ಬಾಕ್ಸಿನ ಒಳಗಿನ ಭಾಗಗಳೂ ತಿರುಗುತ್ತವೆ, ಪಂಪು ಮಾತ್ರ ಸುಮ್ನೆ ನಿಂತಿರುತ್ತದೆ. ಎಣ್ಣೆ ಸಿಗದೆ ಲೋಹಕ್ಕೆ ಲೋಹ ಉಜ್ಜಿ ಬಿಸಿಯಾಗುತ್ತದೆ. ಮ್ಯಾನ್ಯುವಲ್ ಗೇರಿನ ಬಹಳಷ್ಟು ಕಾರುಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ತಿರುಗುವ ಹಲ್ಲುಗಳೇ ಕೆಳಗೆ ನಿಂತ ಎಣ್ಣೆಯನ್ನು ಎರಚಿಕೊಳ್ಳುತ್ತವೆ. ಎಲೆಕ್ಟ್ರಿಕ್ ಕಾರನ್ನಂತೂ ಚಕ್ರ ನೆಲಕ್ಕೆ ತಾಗಿಸಿ ಎಳೆಯಲೇಬೇಡಿ. ಅದರ ಮೋಟಾರು ಚಕ್ರಕ್ಕೆ ಅಂಟಿಕೊಂಡೇ ಇರುತ್ತದೆ, ಚಕ್ರದ ಜೊತೆ ತಿರುಗಿ ಕರೆಂಟು ಹುಟ್ಟಿಸಿ ಕೆಡಬಹುದು.

ಇದಾದ ಮೇಲೆ ನನಗೆ ಒಂದು ಪ್ರಶ್ನೆ ಕಾಡತೊಡಗಿತು. ಅಮೆರಿಕ, ಕೆನಡಾದಲ್ಲಿ ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್ (ಒಳಗೇ ವಾಸ ಮಾಡುವ ಗಾಡಿ) ಹಿಂದೆ ಪುಟ್ಟ ಕಾರು ಕಟ್ಟಿಕೊಂಡು ನೂರಾರು ಮೈಲಿ ಹೋಗುತ್ತಾರೆ. ಕಾರಿನ ನಾಲ್ಕೂ ಚಕ್ರ ನೆಲದ ಮೇಲೆ, ಒಳಗೆ ಒಬ್ಬರೂ ಇಲ್ಲ. ಅದು ಹೇಗೆ ಸಾಧ್ಯ? ಓದುತ್ತಾ ಹೋದಂತೆ ಗೊತ್ತಾಯಿತು: ಅವರು ಕಾರಿಗೆ ಜೋಡಿಸುವ ಒಂದೊಂದು ಸಾಮಾನೂ ಇಂಜಿನ್ ಮತ್ತು ಡ್ರೈವರ್ ಸದ್ದಿಲ್ಲದೆ ಮಾಡುತ್ತಿದ್ದ ಒಂದೊಂದು ಕೆಲಸಕ್ಕೆ ಬದಲಿ.

ಮೊದಲನೆಯದು ಹಗ್ಗದ ಬದಲಿಗೆ ಟೋ ಬಾರ್. ಹಗ್ಗಕ್ಕೆ ಎಳೆಯಲು ಮಾತ್ರ ಬರುತ್ತದೆ, ತಡೆಯಲು ಬರುವುದಿಲ್ಲ. ಸಡಿಲವಾಗಿ ಆಮೇಲೆ ಬಿಗಿಯಾದರೆ ಜಗ್ಗುತ್ತದೆ. ಆ ಜಗ್ಗು ಎಷ್ಟು ಗೊತ್ತಾ? ಒಂದು ಟನ್ನಿನ ಕಾರು, ಮುಂದೆ ಭಾರದ ಲಾರಿ, ವೇಗದಲ್ಲಿ ಗಂಟೆಗೆ ಬರೀ 5 ಕಿ.ಮೀ. ವ್ಯತ್ಯಾಸ. ಹಗ್ಗ ಹತ್ತು ಸೆಂಟಿಮೀಟರ್ ಹಿಗ್ಗುವಷ್ಟರಲ್ಲಿ ಈ ವ್ಯತ್ಯಾಸ ಮುಗಿಯಬೇಕೆಂದರೆ ಕೊಕ್ಕೆಯ ಮೇಲೆ ಸರಾಸರಿ ಒಂದು ಟನ್ ತೂಗುಹಾಕಿದಷ್ಟು ಸೆಳೆತ ಬೀಳುತ್ತದೆ. ಟೋ ಬಾರ್ ಉಕ್ಕಿನ ಎರಡು ತೋಳುಗಳ ತ್ರಿಕೋನ. ಎಳೆಯುತ್ತದೆ, ಹಿಂದಿನ ಕಾರು ನುಗ್ಗಿದರೆ ತಡೆಯುತ್ತದೆ, ಪಕ್ಕಕ್ಕೆ ಸೊಟ್ಟಗಾಗುವುದಿಲ್ಲ. ಅದನ್ನು ಬಂಪರಿಗೆ ಕಟ್ಟುವ ಹಾಗಿಲ್ಲ, ಬಂಪರು ಪ್ಲಾಸ್ಟಿಕ್ಕು. ಅದರ ಹಿಂದೆ ಕಾರಿನ ಗಟ್ಟಿ ಚೌಕಟ್ಟಿಗೇ ಬೋಲ್ಟ್ ಹಾಕಿ ಬೇಸ್ ಪ್ಲೇಟ್ ಕೂರಿಸುತ್ತಾರೆ. ಬಾರ್ ಕಳಚಿದರೆ ಹಿಡಿದುಕೊಳ್ಳಲಿ ಅಂತ ಕೆಳಗೆ ಎರಡು ಉಕ್ಕಿನ ಕೇಬಲ್ ಇರುತ್ತವೆ.

ಸ್ಟಿಯರಿಂಗ್ ಹಿಡಿಯುವವರು ಯಾರು? ಯಾರೂ ಬೇಡ. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಮನೆಯಲ್ಲಿ ಸೈಕಲ್ ಇದ್ದರೆ ಹ್ಯಾಂಡಲ್ ಬಿಟ್ಟು, ಬರೀ ಸೀಟು ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಹ್ಯಾಂಡಲ್ ತಾನೇ ನೆಟ್ಟಗಾಗುತ್ತದೆ. ಮುಂದಿನ ಫೋರ್ಕು ಓರೆಯಾಗಿರುವುದರಿಂದ ಟೈರು ನೆಲ ಮುಟ್ಟುವ ಜಾಗ ತಿರುಗುವ ಗೆರೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಚಕ್ರ ಎಳೆದ ದಿಕ್ಕಿಗೆ ಹಿಂಬಾಲಿಸುತ್ತದೆ. ಕಾರಿನ ಮುಂದಿನ ಚಕ್ರಗಳಿಗೂ ಇದೇ ಓರೆ ಕೊಟ್ಟಿರುತ್ತಾರೆ, ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಕೀ ತಿರುಗಿಸಿ ಸ್ಟಿಯರಿಂಗ್ ಲಾಕ್ ಬಿಡಿಸಿದರೆ ಸಾಕು, ತಿರುವಿನಲ್ಲಿ ಕಾರು ತಾನೇ ತಿರುಗುತ್ತದೆ. ಇನ್ನು ಅದೇ ಸೈಕಲನ್ನು ಸೀಟು ಹಿಡಿದು ಹಿಂದಕ್ಕೆ ತಳ್ಳಿ. ಹ್ಯಾಂಡಲ್ ಗಕ್ಕನೆ ಹೊರಳುತ್ತದೆ, ಅಲ್ವಾ? ಹೀಗೆ ಕಟ್ಟಿದ ಕಾರನ್ನು ರಿವರ್ಸ್ ತೆಗೆಯಬಾರದು ಅನ್ನುವುದು ಅದಕ್ಕೇ. ಹಿಂದೆ ಹೋಗಲೇಬೇಕಾದರೆ ಮೊದಲು ಕಾರು ಬಿಚ್ಚಬೇಕು.

ಕೊನೆಗೆ ಬ್ರೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇಳಿಯುವ ಎತ್ತರ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಒಂದು ಟನ್ನಿನ ಕಾರು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 50 ಲಕ್ಷ ಜೂಲ್. ಹದಿನೈದು ಲೀಟರಿನ ಒಂದು ಕೊಡ ತಣ್ಣೀರನ್ನು ಕುದಿಸಲು ಬೇಕಾದಷ್ಟು ಶಾಖ! ಬಚ್ಚಲಿನ ಹಂಡೆಗೆ ಒಂದು ಕೊಡ ನೀರು ಹೊಯ್ದು, ಅದು ಕುದಿಯಲು ಎಷ್ಟು ಸೌದೆ ಬೇಕು ಅಂತ ನೆನೆಸಿಕೊಳ್ಳಿ. ಹೆಚ್ಚಿನ ಪಾಲು ಶಾಖವನ್ನು ತಾಳಬೇಕಾದದ್ದು ಬ್ರೇಕಿನ ಡಿಸ್ಕು, ಡ್ರಮ್ಮು. ಮುಂದಿನ ಗಾಡಿ ತನ್ನ ಭಾರದ ಜೊತೆಗೆ ಈ ಕೊಡವನ್ನೂ ಹೊರಬೇಕು. ಅದು ಲೋ ಗೇರಿನಲ್ಲಿ ಇಳಿದರೆ ಇಂಜಿನ್ನೂ ಒಂದಿಷ್ಟು ಹಿಡಿಯುತ್ತದೆ. ಹಿಂದಿನ ಕಾರು ನ್ಯೂಟ್ರಲ್‌ನಲ್ಲಿರುವುದರಿಂದ ಅದಕ್ಕೆ ಆ ಸಹಾಯವೂ ಇಲ್ಲ.

ಅದಕ್ಕೇ ಅವರು ಹಿಂದಿನ ಕಾರಿಗೂ ಬ್ರೇಕ್ ಹಾಕುವ ವ್ಯವಸ್ಥೆ ಮಾಡುತ್ತಾರೆ. ಒಂದು ಬಗೆ, ಡ್ರೈವರ್ ಕಾಲಿಡುವ ಜಾಗದಲ್ಲಿ ಇಡುವ ಪೆಟ್ಟಿಗೆ. ಮುಂದಿನ ಗಾಡಿ ನಿಧಾನವಾದದ್ದು ತಿಳಿದ ಕೂಡಲೇ ಅದರ ತೋಳು ಪೆಡಲ್ ಒತ್ತುತ್ತದೆ. ಬೂಸ್ಟರಿನ ಕಸುವು ಮುಗಿದ ಮೇಲೂ ಸಾಕಾಗುವಷ್ಟು ಬಲ ಅದಕ್ಕಿರಬೇಕು, ಇಲ್ಲವೇ ಬೂಸ್ಟರಿನ ಗಾಳಿ ಹೀರಲು ಬೇರೆ ಪಂಪ್ ಬೇಕು. ಜೊತೆಗೆ ಒಂದು ತೆಳ್ಳನೆ ತಂತಿ. ಕಾರು ಪೂರ್ತಿ ಕಳಚಿಕೊಂಡರೆ ತಂತಿ ಸ್ವಿಚ್ಚಿನ ಪಿನ್ನು ಕೀಳುತ್ತದೆ, ಕಾರು ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ಹಿಂದಿನ ಲೈಟಿಗೂ ಮುಂದಿನಿಂದಲೇ ವೈರು ಎಳೆದಿರುತ್ತಾರೆ. ಇಷ್ಟೆಲ್ಲ ಇದ್ದರೂ ಎಲ್ಲ ಕಾರನ್ನೂ ಹೀಗೆ ಎಳೆಯುವಂತಿಲ್ಲ. ಯಾವುದನ್ನು ಎಳೆಯಬಹುದು ಅನ್ನುವುದು ಆ ಕಾರಿನ ಕೈಪಿಡಿಯಲ್ಲೇ ಇರುತ್ತದೆ.

ನಮ್ಮಲ್ಲಿ ಸರಿಯಿರುವ ಕಾರನ್ನು ಹೀಗೆ ಕಟ್ಟಿಕೊಂಡು ತಿರುಗುವ ರೂಢಿಯಿಲ್ಲ. ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಯುವುದಕ್ಕೆ 1989ರ ರಸ್ತೆ ನಿಯಮಗಳೇ ಕಟ್ಟು ಹಾಕಿದ್ದವು: ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಜಾಸ್ತಿ ಅಂತರ ಇರಬಾರದು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು, ಎಳೆಸಿಕೊಳ್ಳುವ ಗಾಡಿಯ ಸ್ಟಿಯರಿಂಗಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಘಾಟಿ ಇಳಿಯುವಾಗ ಮಾತ್ರ ಹಗ್ಗದ ಯೋಚನೆಯೇ ಬೇಡ. ನಾಲ್ಕೂ ಚಕ್ರ ಮೇಲೆತ್ತಿ ಹೊತ್ತೊಯ್ಯುವ ಗಾಡಿ ಬರಲಿ, ಶಿವಮೊಗ್ಗದಿಂದ ಬರಲು ಎಷ್ಟೇ ಹೊತ್ತಾದರೂ ಕಾಯಿರಿ.

ಹೋದ ವಾರ ಭಾವನ ಹೊಸ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದ ಟೋ ಹುಕ್ ಹುಡುಕಿ ತೆಗೆದೆವು. ಬಂಪರಿನ ಸಣ್ಣ ಮುಚ್ಚಳ ಬಿಡಿಸಿ, ಹುಕ್ಕನ್ನು ಬಲಕ್ಕೆ ತಿರುಗಿಸಿದರೆ ಹಿಡಿಯಲಿಲ್ಲ. ಎಡಕ್ಕೆ ತಿರುಗಿಸಿದೆವು, ಕೂತಿತು. ಭಾವ ಅದನ್ನು ಎರಡು ಸಲ ಬಿಚ್ಚಿ, ಎರಡು ಸಲ ತಾವೇ ಹಾಕಿ ನೋಡಿದರು.