ಬೆನ್ನ ಮೇಲಿನ ಇಟ್ಟಿಗೆ ಇಳಿಸು, ತಮ್ಮಾ

ಕಳೆದ ಮಳೆಗಾಲದಲ್ಲಿ ಸವದತ್ತಿ ಕಡೆಯ ಒಬ್ಬ ಹುಡುಗ ಅಪ್ಪನ ಜೊತೆ ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಬಂದ. ವಯಸ್ಸು 17. ಕುಂಟುತ್ತಿದ್ದ. ಆದರೆ ಅದು ಯಾರಿಗೂ ಗೊತ್ತಾಗಬಾರದು ಅಂತ ಹಲ್ಲು ಕಚ್ಚಿ ನಡೆಯುತ್ತಿದ್ದ.

"ಎಲ್ಲಿ ನೋವು, ಒಂದು ಬೆರಳಿಟ್ಟು ತೋರಿಸು ತಮ್ಮಾ" ಅಂದೆ.

ಓಡುವ ಹುಡುಗರು ಯಾರೇ ಬಂದರೂ ನಾನು ಮೊದಲು ಇದನ್ನೇ ಕೇಳುತ್ತೇನೆ. ಅಂಗೈಯಿಂದ ಕಾಲನ್ನು ಉದ್ದಕ್ಕೂ ಸವರಿ "ಇಲ್ಲೆಲ್ಲ" ಅಂದರೆ ಸ್ವಲ್ಪ ಸಮಾಧಾನ. ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಜಾಸ್ತಿಯಾಗಿ ಮೊಣಕಾಲ ಕೆಳಗಿನ ಎಲುಬಿನುದ್ದಕ್ಕೂ ಬರುವ ನೋವು, ಕೆಲವು ವಾರ ಓಟ ಕಡಿಮೆ ಮಾಡಿದರೆ ಹೋಗುತ್ತದೆ. ಬೆರಳ ತುದಿ ಒಂದೇ ಜಾಗಕ್ಕೆ ಹೋಗಿ ನಿಂತರೆ ನನಗೆ ಆತಂಕ. ಇವನ ಬೆರಳು ಮೊಣಕಾಲಿನ ಕೆಳಗೆ, ಎಲುಬಿನ ಒಳಅಂಚಿನ ಮೇಲೆ ನಿಂತಿತು. ನಾನು ಅಲ್ಲೇ ಒತ್ತಿದೆ, ಕಾಲು ಎಳೆದುಕೊಂಡ. ಒಂಟಿ ಕಾಲಲ್ಲಿ ಕುಪ್ಪಳಿಸು ಅಂದೆ. ಒಂದು ಸಲ ಕುಪ್ಪಳಿಸಿ ಮೇಜು ಹಿಡಿದುಕೊಂಡ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮೊದಲ ವಾರಗಳಲ್ಲಿ ಎಷ್ಟೋ ಸಲ ಕಾಣುವುದೂ ಇಲ್ಲ. ಎಂಆರ್‌ಐಯಲ್ಲಿ ಕಂಡಿತು: ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಎಲುಬಿನ ಸಣ್ಣ ಬಿರುಕು.

ಏನು ಮಾಡುತ್ತಿದ್ದೆ ಅಂತ ಕೇಳಿದೆ. ಬೆಳಗ್ಗೆ ನಾಲ್ಕೂವರೆಗೆ ಏಳುವುದು. ಶಾಲೆಯ ಬ್ಯಾಗಿನಲ್ಲಿ ನಾಲ್ಕು ಇಟ್ಟಿಗೆ ಹಾಕಿ, ಡಾಂಬರು ರಸ್ತೆಯಲ್ಲಿ 10 ಕಿ.ಮೀ. ಓಡುವುದು. ವಾಪಸ್ ಬಂದು 300 ಬೈಠಕ್. ವಾರದ ಏಳೂ ದಿನ, ಆರು ವಾರ. ಸೈನ್ಯದ ಕಮಾಂಡೊ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್‌ನ ಪ್ರೊಬೇಷನ್, ಅಂದರೆ ಸೇರಿಸಿಕೊಳ್ಳುವ ಮುಂಚಿನ ಕಠಿಣ ಪರೀಕ್ಷೆ ಹೇಗಿರುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದನಂತೆ. ಮರೂನ್ ಟೋಪಿ, ಎದೆಯ ಮೇಲೆ ಆ ಪಡೆಯವರು ಧರಿಸುವ ಬಲಿದಾನ ಬ್ಯಾಡ್ಜ್, ಇದೇ ಅವನ ಕನಸು.

"ಓಡೂದು ಬಿಟ್ರ ಭರ್ತಿ ತಪ್ಪತೈತ್ರೀ ಡಾಕ್ಟರ್" ಅಂದರು ಅಪ್ಪ. "ಏನರ ಪಟ್ಟಿ ಕಟ್ಟಿ ಕಳಸ್ರಿ."

ಆ ಅಪ್ಪನ ಅವಸರ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಸೈನ್ಯ ದೂರದ ಮಾತಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ, ಕಮಾಂಡೊ ತರಬೇತಿಯೂ ಅಲ್ಲೇ ನಡೆಯುತ್ತದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೇ ಬೆಂಗಳೂರಿನಲ್ಲಿದೆ. ಕನಸು ದೊಡ್ಡದು, ಒಳ್ಳೆಯದು. ಅದಕ್ಕೇ ಆ ಕಾಲಿನ ಬಗ್ಗೆ ಇಷ್ಟು ಹೇಳುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹಾಕೋಣ. ಪಿಯುಸಿ ಮುಗಿಸಿ ನೇರವಾಗಿ ಯಾರೂ ಕಮಾಂಡೊ ಆಗುವುದಿಲ್ಲ. ಅಗ್ನಿವೀರನಾಗಿ ಸೇರಲು ಕನಿಷ್ಠ ಹದಿನೇಳೂವರೆ ವರ್ಷ ಆಗಿರಬೇಕು. ಆ ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್ ಹೊಡೆದರೆ 40. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮೂಲಕ ಹೋದರೆ ಮೂರು ವರ್ಷ ಖಡಕ್‌ವಾಸ್ಲಾ, ಆಮೇಲೆ ಒಂದು ವರ್ಷ ಡೆಹ್ರಾಡೂನ್‌ನ ಸೇನಾ ಅಕಾಡೆಮಿ. 17ಕ್ಕೆ ಸೇರಿದವನು ಅಧಿಕಾರಿಯಾಗುವ ಹೊತ್ತಿಗೆ 21. ಸ್ಪೆಷಲ್ ಫೋರ್ಸಸ್‌ಗೆ ಯಾರನ್ನೂ ಒತ್ತಾಯದಿಂದ ಕಳಿಸುವುದಿಲ್ಲ, ತಾನಾಗಿ ಮುಂದೆ ಬರಬೇಕು. ಬಂದ ಮೇಲೆ ಪ್ರೊಬೇಷನ್, ಆಗ್ರಾದಲ್ಲಿ ಪ್ಯಾರಾಶೂಟ್ ಜಿಗಿತ. ಇವನ ಬೆನ್ನಿನ ಮೇಲೆ ನಿಜವಾದ ಪಿಟ್ಟು, ಅಂದರೆ ಸೈನಿಕನ ಬೆನ್ನುಚೀಲ ಏರುವುದಕ್ಕೆ ಇನ್ನೂ ವರ್ಷಗಳಿವೆ, ಅಲ್ವಾ? ಇವತ್ತು ಅವನ ಮುಂದೆ ಇರುವುದು 1.6 ಕಿ.ಮೀ. ಮತ್ತು ಪುಲ್‌ಅಪ್ ಹೊಡೆಯುವ ಒಂದು ಕಂಬಿ.

ಪ್ರೊಬೇಷನ್ ಇರುವುದು ತಯಾರಾಗಿ ಬಂದವನನ್ನು ಪರೀಕ್ಷಿಸಲಿಕ್ಕೆ. ನಿದ್ದೆ ಕೆಡಿಸಿ, ಹಸಿವಿನಲ್ಲಿ, ಭಾರ ಹೊರಿಸಿ ಒಬ್ಬ ಎಲ್ಲಿವರೆಗೆ ನಿಲ್ಲುತ್ತಾನೆ ಅಂತ ನೋಡುತ್ತಾರೆ. ಅದು ದೇಹ ಕಟ್ಟುವ ವಿಧಾನವಲ್ಲ. ಪರೀಕ್ಷೆಯನ್ನೇ ದಿನಾ ಬರೆದರೆ ಓದಿದ ಹಾಗಾಗುವುದಿಲ್ಲ.

ಎಲುಬು ಕಲ್ಲಿನ ಹಾಗೆ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅದು ಸದಾ ರಿಪೇರಿ ನಡೆಯುವ ಮನೆ ಇದ್ದ ಹಾಗೆ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಎಲುಬನ್ನು ಅಲ್ಲಲ್ಲಿ ಕಿತ್ತು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೀಳುವುದಕ್ಕೆ ಕೆಲವೇ ವಾರ ಸಾಕು. ತುಂಬುವುದಕ್ಕೆ ತಿಂಗಳುಗಳು ಬೇಕು. ಹಾಗಾಗಿ ಜೋರು ಅಭ್ಯಾಸ ಶುರು ಮಾಡಿ ಒಂದೆರಡು ತಿಂಗಳ ಹೊತ್ತಿಗೆ ಎಲುಬು ಮೊದಲಿಗಿಂತ ಬಲಹೀನವಾಗಿರುತ್ತದೆ. ಹುಡುಗನಿಗೆ ಮಾತ್ರ ತಾನು ಗಟ್ಟಿಯಾಗಿದ್ದೇನೆ ಅನಿಸುತ್ತಿರುತ್ತದೆ. ಯಾಕಂದರೆ ಉಸಿರು ಮತ್ತು ಸ್ನಾಯು ಬೇಗ ಪಳಗುತ್ತವೆ. ಅವನು ಇನ್ನೂ ಒಂದು ಇಟ್ಟಿಗೆ ಸೇರಿಸುವುದು ಆಗಲೇ.

ಸೈನ್ಯಗಳಿಗೆ ಇದು ಹೊಸ ಸಂಗತಿಯೂ ಅಲ್ಲ. 1855ರಲ್ಲೇ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ, ಮಾರ್ಚ್ ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದಿದ್ದ. ಒಳಗೆ ಎಲುಬು ಬಿರಿದಿದೆ ಅಂತ ಗೊತ್ತಾಗಲು ಎಕ್ಸ್‌ರೇ ಬರಬೇಕಾಯಿತು. ನಮ್ಮ ಕಾಲದಲ್ಲಿ ಇಸ್ರೇಲಿನ ಸೈನ್ಯ ಈ ಬಿರುಕುಗಳ ಹಿಂದೆ 25 ವರ್ಷ ಬಿದ್ದಿತ್ತು. ಕೊನೆಗೆ ಅಲ್ಲಿ ಹೆಚ್ಚು ಫಲ ಕೊಟ್ಟಿದ್ದು ಎರಡು ಸರಳ ಬದಲಾವಣೆ: ಹೊಸಬರಿಗೆ ರಾತ್ರಿ ಕನಿಷ್ಠ ಆರು ಗಂಟೆ ನಿದ್ದೆ, ಒಟ್ಟು ಮಾರ್ಚಿಂಗ್ ಕಡಿಮೆ. ಬಿರುಕುಗಳು ಅರ್ಧಕ್ಕಿಂತ ಹೆಚ್ಚು ಇಳಿದವು.

ಅದೇ ಸೈನ್ಯದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಸೇರುವ ಮುಂಚೆ ಎರಡು ವರ್ಷವಾದರೂ ಚೆಂಡಾಟ, ಅದರಲ್ಲೂ ಬ್ಯಾಸ್ಕೆಟ್‌ಬಾಲ್ ಆಡಿದ ಹುಡುಗರಿಗೆ ಬಿರುಕು ಬಹಳ ಕಡಿಮೆ ಬಂದಿತ್ತು. ಬರೀ ಓಡಿದವರಿಗೆ ಆ ಲಾಭ ಸಿಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಆಟದಲ್ಲಿ ಕಾಲು ಎಲ್ಲ ದಿಕ್ಕಿಗೂ ಬೀಳುತ್ತದೆ: ಜಿಗಿತ, ತಿರುವು, ಗಕ್ಕನೆ ನಿಲ್ಲುವುದು. ಎಲುಬು ಎಲ್ಲ ಕಡೆಯಿಂದ ದಪ್ಪಗಾಗುತ್ತದೆ. ನೇರ ರಸ್ತೆಯ ಓಟದಲ್ಲಿ ಒಂದೇ ಪೆಟ್ಟು ಸಾವಿರ ಸಲ. ಕಬಡ್ಡಿ, ಖೋಖೋ, ವಾಲಿಬಾಲ್ ಕೂಡ ಇದೇ ಕೆಲಸ ಮಾಡುತ್ತವೆ ಅನ್ನುವುದು ನನ್ನ ನಂಬಿಕೆ. ಅದಕ್ಕೆ ಕಮಾಂಡೊ ಆಗಬೇಕು ಅನ್ನುವ 14ರ ಹುಡುಗನಿಗೆ ನಾನು ಕೊಡುವ ಮೊದಲ ಚೀಟಿ, ಸಂಜೆ ಖೋಖೋ ಆಡು ಅಂತ. ಅಪ್ಪಂದಿರಿಗೆ ಬೇಜಾರಾಗುತ್ತದೆ. ಕಮಾಂಡೊ ತರಬೇತಿ ಕೇಳಿದರೆ ಇವರು ಆಟ ಆಡಿಸುತ್ತಾರಲ್ಲ ಅಂತ.

16-17ಕ್ಕೆ ಬಂದವರಿಗೆ ಓಟ ವಾರಕ್ಕೆ ಮೂರು ಅಥವಾ ನಾಲ್ಕು ದಿನ, ಮಣ್ಣಿನ ಮೈದಾನದಲ್ಲಿ. ಜಾಸ್ತಿ ಪಾಲು ಗೆಳೆಯನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನವಾಗಿರಬೇಕು. ವಾರದಲ್ಲಿ ಒಂದೇ ದಿನ ಜೋರು ಓಟ: 400 ಮೀಟರ್ ಓಡುವುದು, ಉಸಿರು ತಿರುಗುವವರೆಗೆ ನಡೆಯುವುದು, ಮತ್ತೆ ಓಡುವುದು. ಎರಡು ದಿನ ಕಂಬಿ, ದಂಡ, ಬೈಠಕ್. ಎರಡು ಸಂಜೆ ಆಟ. ಒಂದು ದಿನ ಪೂರ್ತಿ ರಜೆ, ಸುಮ್ನೆ ಹೊಲಕ್ಕೆ ಹೋಗಿ ಬಾ ಅಂತೀನಿ. ಭಾರ ಹೊತ್ತು ಓಡುವುದು ಬೇಡವೇ ಬೇಡ. ಎತ್ತರ ಬೆಳೆಯುವುದು ನಿಂತು, ಒಂದು ವರ್ಷದ ಅಭ್ಯಾಸ ಕಾಲಲ್ಲಿ ಕೂತ ಮೇಲೆ, ಹಗುರ ಚೀಲದ ಜೊತೆ ನಡೆಯಬಹುದು. ಭಾರದ ಚೀಲದ ಪಟ್ಟಿ ಹೆಗಲಿನ ನರ ಒತ್ತಿ, ಕೈ ಎತ್ತಲಾಗದೆ ಬಂದವರನ್ನೂ ನೋಡಿದ್ದೇನೆ.

ಎರಡು ಅಪಾಯಗಳನ್ನು ಬಿಡಿಸಿ ಹೇಳಲೇಬೇಕು. ಹಠಕ್ಕೆ ಬಿದ್ದು ಒಂದೇ ದಿನ ನೂರಾರು ಬೈಠಕ್ ಹೊಡೆದು, ಮರುದಿನ ತೊಡೆ ಕಲ್ಲಿನಂತಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಬರೀ ಮೈಕೈ ನೋವಲ್ಲ. ಸ್ನಾಯು ಒಡೆದು ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತಿದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ನೀರು. ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳನ್ನು ನೋಡಿ ಹುಡುಗರು ಬಾವಿಯಲ್ಲೋ ಕೃಷಿಹೊಂಡದಲ್ಲೋ ಉಸಿರು ಕಟ್ಟಿ ಮುಳುಗುವ ಪಂದ್ಯ ಕಟ್ಟುತ್ತಾರೆ. ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡಿದರೆ, ಉಸಿರು ಬೇಕು ಅನ್ನುವ ಸೂಚನೆಯೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು ಪ್ರಜ್ಞೆ ಹೋಗುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ಈಜು ಕಲಿಯಿರಿ, ಕಲಿಸುವವರು ಇರುವ ಕಡೆ, ಇಳಿಯಲು ಮೆಟ್ಟಿಲಿರುವ ನೀರಿನಲ್ಲಿ. ಉಸಿರು ಕಟ್ಟುವ ಅಭ್ಯಾಸ ಒಬ್ಬರೇ ಎಂದೂ ಬೇಡ.

ನಿದ್ದೆ ಈ ವಯಸ್ಸಿಗೆ ಎಂಟು ಗಂಟೆಗಿಂತ ಕಡಿಮೆ ಆಗಬಾರದು. ನಾಲ್ಕೂವರೆಗೆ ಏಳುವವನು ಎಂಟೂವರೆಗೆ ಮಲಗಿರಬೇಕು, ಅದೂ ಮೊಬೈಲ್ ಬೇರೆ ಕೋಣೆಯಲ್ಲಿಟ್ಟು. ಊಟಕ್ಕೆ ಡಬ್ಬಿಯ ಪುಡಿ ಹುಡುಕಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರೊಟ್ಟಿ ಊರಿನವರು ವಾರಕ್ಕೆ ಮೂರು ದಿನ ರಾಗಿ ಅಂಬಲಿ ಕುಡಿಯಲಿ. ಮೊಟ್ಟೆ, ಮೊಳಕೆ ಕಾಳು, ಶೇಂಗಾ, ಮೊಸರು ಇರಲಿ. ಊಟ ಆದ ಕೂಡಲೇ ಚಹಾ ಬೇಡ, ಅದು ಊಟದ ಕಬ್ಬಿಣದ ಅಂಶವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ.

2022ರಿಂದ ಎನ್‌ಡಿಎಗೆ ಹುಡುಗಿಯರೂ ಹೋಗುತ್ತಿದ್ದಾರೆ, ನನ್ನ ಹತ್ತಿರವೂ ಬರುತ್ತಾರೆ. ಅವರಿಗೆ ಒಂದು ಮಾತು ಹೆಚ್ಚು ಹೇಳುತ್ತೇನೆ. ಅಭ್ಯಾಸ ಜಾಸ್ತಿಯಾಗಿ ಮುಟ್ಟು ನಿಂತರೆ, ಒಳ್ಳೇದೇ ಆಯಿತು ಅಂತ ಸುಮ್ಮನಿರಬೇಡಿ. ತಿನ್ನುವುದು ಸಾಲುತ್ತಿಲ್ಲ ಅಂತ ಅರ್ಥ. ಎಲುಬು ಸವೆಯಲು ಶುರುವಾಗಿರಬಹುದು. ಅಮ್ಮನಿಗೆ ಹೇಳಿ, ಡಾಕ್ಟರನ್ನು ಕಾಣಿ.

ನೋವು ಮುಚ್ಚಿಡುವುದೇ ಧೈರ್ಯ ಅಂತ ಈ ಹುಡುಗರಿಗೆ ಯಾರು ಕಲಿಸಿದರೋ. ಸವದತ್ತಿಯ ಹುಡುಗನಿಗೆ ಮೂರನೇ ವಾರದಲ್ಲೇ ನೋವು ಶುರುವಾಗಿತ್ತು. ಆಗ ಬಂದಿದ್ದರೆ ಮೂರು ವಾರದ ವಿಶ್ರಾಂತಿ ಸಾಕಾಗುತ್ತಿತ್ತೇನೋ. ಈಗ ಮೂರು ತಿಂಗಳು ಓಟ ಬಂದ್. ಮೊದಲು ಊರುಗೋಲು, ಆಮೇಲೆ ನಡಿಗೆ, ಈಜು, ಕಂಬಿ. ಸೊಂಟದ ಮೇಲಿನ ಮೈಗೆ ಏನೂ ಆಗಿರಲಿಲ್ಲವಲ್ಲ, ಒಂದು ಪುಲ್‌ಅಪ್‌ನಿಂದ ಎಂಟಕ್ಕೆ ಬಂದ. ಉಳಿದ ಹೊತ್ತು ಗಣಿತ ಓದಿದ. ಅದೂ ತಯಾರಿಯೇ. ನಕ್ಷೆ ಹಿಡಿದು ರಾತ್ರಿ ದಾರಿ ಹುಡುಕುವವನಿಗೆ ಕೋನ, ದೂರ, ಎತ್ತರ ತಲೆಯಲ್ಲಿ ಇರಬೇಕು.

ಕಳೆದ ವಾರ ಬಂದಿದ್ದ. ಎಲುಬಿನ ಅದೇ ಜಾಗ ಒತ್ತಿದೆ, ಕಾಲು ಕದಲಿಸಲಿಲ್ಲ. ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದ. ಮುಖ ನೋಡುತ್ತಿದ್ದೆ, ಹಲ್ಲು ಕಚ್ಚಿರಲಿಲ್ಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸಲ, ದಿನ ಬಿಟ್ಟು ದಿನ ಅಂತ ಬರೆದುಕೊಟ್ಟೆ. ಅಪ್ಪ ಆ ಚೀಟಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.