ಸಹಿಗೆ ಮುಂಚಿನ ಒಂದು ಗಂಟೆ

ಸ್ವತಂತ್ರವಾಗಿ ಸಾಫ್ಟ್‌ವೇರ್ ಬರೆದು ಜೀವನ ನಡೆಸುವವರು ವಕೀಲರ ಕಚೇರಿಗೆ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಕೆಲವರು ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಬರುತ್ತಾರೆ. ಹೆಚ್ಚಿನವರು ಬರಬೇಕಾದ ಹಣ ನಿಂತುಹೋದ ಮೇಲೆ ಬರುತ್ತಾರೆ. ಮೊದಲಿನವರಿಗೆ ಬಹುತೇಕ ಒಂದು ಗಂಟೆಯ ಸಲಹೆಯೇ ಸಾಕಾಗುತ್ತದೆ. ಎರಡನೆಯವರಿಗೆ ಅದೇ ಒಂದು ಗಂಟೆಯಲ್ಲಿ, ಮುಂದೆ ಎಷ್ಟು ಕಾಲ ಓಡಾಡಬೇಕಾಗಬಹುದು ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುವುದು ಕಷ್ಟ.

ಶುಲ್ಕ ಕೊಟ್ಟು ಸಲಹೆ ಕೇಳುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾಯ್ದೆಗಳ ಪಠ್ಯ ಉಚಿತವಾಗಿ ಸಿಗುತ್ತದೆ, ಕರಾರಿನ ಮಾದರಿಗಳೂ ಬೇಕಾದಷ್ಟಿವೆ. ಆದರೆ ನನ್ನ ಮೇಜಿಗೆ ಬರುವ ಮಾದರಿಗಳಲ್ಲಿ ಅನೇಕವು ಅಮೆರಿಕದ ಕಾನೂನಿಗೆ ತಕ್ಕಂತೆ ಬರೆದವು. ಅವುಗಳಲ್ಲಿ ಕಾಣುವ, ಬರೆಸಿದವರೇ ಕೃತಿಯ ಒಡೆಯರು ಎಂಬ ಅರ್ಥದ ‘ವರ್ಕ್ ಮೇಡ್ ಫಾರ್ ಹೈರ್’ ಎಂಬ ಪದಪುಂಜ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ನಿಮ್ಮ ಕರಾರಿನ ಏಳನೆಯ ಷರತ್ತಿನಲ್ಲಿ ಬರೆದದ್ದು ಹನ್ನೊಂದನೆಯ ಷರತ್ತಿಗೆ ಹೊಂದುತ್ತದೆಯೇ ಎಂಬುದನ್ನು, ನಿಮ್ಮ ಕಾಗದವನ್ನೇ ಓದದೆ ಯಾರೂ ಹೇಳಲಾರರು. ಆ ಓದಿಗೆ ಮತ್ತು ಅದರ ಹೊಣೆಗೆ ಶುಲ್ಕ.

ಒಂದು ಪ್ರಕರಣವನ್ನು ಗುರುತು ಸಿಗದಂತೆ ಹೇಳುತ್ತೇನೆ. ಮನೆಯಿಂದಲೇ ಕೆಲಸ ಮಾಡುವ ಯುವಕರೊಬ್ಬರು ಕೆಲವು ಅಂಗಡಿಗಳನ್ನು ನಡೆಸುವ ಸಂಸ್ಥೆಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದರು. ಹಕ್ಕಿನ ಬಗ್ಗೆ ಕರಾರಿನಲ್ಲಿ ಇದ್ದದ್ದು ಒಂದೇ ಸಾಲು: ‘ಸಾಫ್ಟ್‌ವೇರಿನ ಎಲ್ಲ ಹಕ್ಕುಗಳೂ ಗ್ರಾಹಕರಿಗೆ ಸೇರತಕ್ಕದ್ದು.’ ಅವರು ಅದರಲ್ಲಿ ಬಳಸಿದ್ದ ತೆರಿಗೆ ಲೆಕ್ಕದ ಭಾಗವನ್ನು ಮೂರು ವರ್ಷಗಳಿಂದ ತಾವೇ ಬೆಳೆಸಿಕೊಂಡು ಬಂದಿದ್ದರು, ಬೇರೆ ಗ್ರಾಹಕರ ಕೆಲಸಕ್ಕೂ ಅದನ್ನೇ ಬಳಸುತ್ತಿದ್ದರು. ಅದನ್ನು ಇನ್ನು ಮುಂದೆ ಮುಟ್ಟಬಾರದು ಎಂಬ ನೋಟಿಸ್ ಬಂದಾಗ, ‘ಮೇಡಂ, ನನ್ನ ಕೋಡು ನನ್ನದಲ್ಲವೇ?’ ಎಂದು ಕೇಳಿದರು.

ಕಾನೂನು ಅವರ ಪಕ್ಷದಲ್ಲಿಯೇ ಆರಂಭವಾಗುತ್ತದೆ. ನಮ್ಮ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ನೌಕರಿಯಲ್ಲಿದ್ದುಕೊಂಡು ಆ ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸೆಕ್ಷನ್ 17ರ ಪ್ರಕಾರ ಉದ್ಯೋಗದಾತರೇ ಮೊದಲ ಒಡೆಯರು. ಆದರೆ ಹೊರಗಿನಿಂದ ಗುತ್ತಿಗೆಯ ಮೇಲೆ ಬರೆದುಕೊಡುವ ಖಾಸಗಿ ಕೆಲಸದಲ್ಲಿ, ಹಣ ಪಡೆದಿದ್ದರೂ, ಬರೆದವರೇ ಮೊದಲ ಒಡೆಯರು. ಆ ಒಡೆತನ ಬೇರೆಯವರಿಗೆ ಹೋಗಬೇಕಾದರೆ ಬರೆದವರ ಅಥವಾ ಅವರ ಅಧಿಕೃತ ಪ್ರತಿನಿಧಿಯ ಸಹಿಯುಳ್ಳ ಲಿಖಿತ ವರ್ಗಾವಣೆ ಬೇಕು. ಸೆಕ್ಷನ್ 19 ಇನ್ನೂ ಮುಂದೆ ಹೋಗಿ, ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ವರ್ಗಾವಣೆ ಐದು ವರ್ಷಗಳಿಗೆ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಅದು ಭಾರತದೊಳಗೆ ಮಾತ್ರ ಎಂದೂ ಭಾವಿಸತಕ್ಕದ್ದು ಎನ್ನುತ್ತದೆ.

ಎಂದರೆ ಆ ಒಂದು ಸಾಲು ಇಬ್ಬರಿಗೂ ಕೈಕೊಟ್ಟಿತ್ತು. ಅಂಗಡಿಯವರು ಶಾಶ್ವತವಾಗಿ, ಎಲ್ಲ ದೇಶಗಳಿಗೂ ಕೊಂಡೆವೆಂದು ತಿಳಿದಿದ್ದರು, ಹೊರದೇಶದಲ್ಲಿ ಅಂಗಡಿ ತೆರೆಯುವ ಸಿದ್ಧತೆಯಲ್ಲೂ ಇದ್ದರು. ಇವರು ತಮ್ಮ ಹಳೆಯ ಕೋಡ್ ತಮ್ಮಲ್ಲೇ ಉಳಿಯಿತೆಂದು ತಿಳಿದಿದ್ದರು, ಆದರೆ ‘ಎಲ್ಲ’ ಎಂಬ ಪದ ಅದನ್ನೂ ಸೇರಿಸಿಕೊಳ್ಳುತ್ತದೆ ಎಂದು ವಾದಿಸಲು ಅವಕಾಶವಿತ್ತು. ಎರಡೂ ಕಡೆ ಕೊರತೆ ಇದ್ದುದರಿಂದಲೇ ಮಾತುಕತೆಗೆ ಜಾಗ ಸಿಕ್ಕಿತು. ಹಳೆಯ ಭಾಗ ಬರೆದವರದೇ, ಅದನ್ನು ಬಳಸಲು ಗ್ರಾಹಕರಿಗೆ ಶಾಶ್ವತ ಪರವಾನಗಿ, ಹೊಸದಾಗಿ ಬರೆದ ಭಾಗ ಪೂರ್ತಿಯಾಗಿ ಗ್ರಾಹಕರದು ಎಂಬ ಪೂರಕ ಕರಾರಿಗೆ ಇಬ್ಬರೂ ಸಹಿ ಹಾಕಿದರು. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಲೇ ಬಂದಿದ್ದರೆ ಇದನ್ನು ಮೂರು ವಾಕ್ಯಗಳಲ್ಲಿ ಬರೆದುಕೊಡಬಹುದಿತ್ತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹಕ್ಕು ಯಾವ ಕ್ಷಣದಲ್ಲಿ ಕೈ ಬದಲಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಕೋಡ್ ಬರೆದ ಕೂಡಲೇ ಹಕ್ಕು ಗ್ರಾಹಕರದು ಎಂದಿದ್ದರೆ, ಹಣ ಬಾರದಿದ್ದಾಗ ನಿಮ್ಮ ಕೈಯಲ್ಲಿ ಹಿಡಿತವೇ ಉಳಿಯುವುದಿಲ್ಲ. ಪೂರ್ಣ ಹಣ ಸಂದಾಯವಾದ ದಿನದಿಂದ ಎಂದು ತಿದ್ದಿಸಿಕೊಂಡರೆ ಉಳಿಯುತ್ತದೆ. ಒಂದು ಗಂಟೆಯಲ್ಲಿ ನಾನು ಒಂದೇ ತಿದ್ದುಪಡಿ ಸೂಚಿಸಬಹುದಾದರೆ ಇದನ್ನೇ ಸೂಚಿಸುತ್ತೇನೆ.

ಉಳಿದ ಷರತ್ತುಗಳಲ್ಲಿ ನಷ್ಟಭರ್ತಿಯ ಹೊಣೆಗೆ ಮಿತಿ ಇದೆಯೇ ಎಂದು ನೋಡಬೇಕು. ಎರಡು ಲಕ್ಷ ರೂಪಾಯಿಯ ಕೆಲಸಕ್ಕೆ ಮಿತಿಯಿಲ್ಲದ ಹೊಣೆ ಹೊರುವುದು ಸಲ್ಲದು. ಕೆಲಸ ಮುಗಿದ ಮೇಲೂ ಅದೇ ಕ್ಷೇತ್ರದಲ್ಲಿ ದುಡಿಯಬಾರದು ಎಂಬ ಷರತ್ತಿಗೆ ಹೆದರಬೇಕಿಲ್ಲ, ಭಾರತೀಯ ಕರಾರು ಕಾಯ್ದೆ, 1872ರ ಸೆಕ್ಷನ್ 27 ಸಾಮಾನ್ಯವಾಗಿ ಅದನ್ನು ಅನೂರ್ಜಿತಗೊಳಿಸುತ್ತದೆ. ಗ್ರಾಹಕರು ದೇಶದೊಳಗಿನವರಾದರೆ ಕೆಲಸ ಆರಂಭಿಸುವ ಮೊದಲೇ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸಣ್ಣ ಉದ್ದಿಮೆಗಳ ಕುರಿತ 2006ರ ಕಾಯ್ದೆಯಂತೆ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ ಕೊಡಬೇಕಾಗುತ್ತದೆ. ವಿದೇಶಿ ಗ್ರಾಹಕರಾದರೆ ಯಾವ ನ್ಯಾಯಾಲಯ ಎಂದು ಚರ್ಚಿಸುವುದಕ್ಕಿಂತ ಮುಂಗಡ ಪಡೆದು ಹಂತಹಂತವಾಗಿ ಹಣ ಪಡೆಯುವುದೇ ಮೇಲು, ಏಕೆಂದರೆ ಸಣ್ಣ ಮೊತ್ತಕ್ಕಾಗಿ ಅಮೆರಿಕದ ಡೆಲವೇರ್‌ನಲ್ಲಿ ದಾವೆ ಹೂಡುವುದು ನಡೆಯುವ ಮಾತಲ್ಲ. ಜಿಎಸ್‌ಟಿ, ಆದಾಯ ತೆರಿಗೆಯ ಪ್ರಶ್ನೆಗಳನ್ನು ನಾನು ಆಡಿಟರಿಗೆ ಕಳಿಸುತ್ತೇನೆ.

ಬರುವವರು ಮಾಡುವ ದೊಡ್ಡ ತಪ್ಪೆಂದರೆ ಅರ್ಧ ಸಂಗತಿಯನ್ನು ಮುಚ್ಚಿಡುವುದು. ಕೋಡಿನ ಒಂದು ಭಾಗ ಹಿಂದಿನ ನೌಕರಿಯಲ್ಲಿ ಬರೆದದ್ದು, ಇನ್ನೊಂದು ಭಾಗ ಜಿಪಿಎಲ್ ಪರವಾನಗಿಯ (ಬಳಸಿ ಹಂಚಿದ ಸಾಫ್ಟ್‌ವೇರಿನ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕೆನ್ನುವ ಪರವಾನಗಿ) ಸಿದ್ಧ ಕೋಡಿನ ಸಂಗ್ರಹದಿಂದ ತೆಗೆದದ್ದು ಎಂಬ ಮಾತು ಮಾತುಕತೆಯ ಕೊನೆಯ ಐದು ನಿಮಿಷದಲ್ಲಿ ಸಂಕೋಚದಿಂದ ಹೊರಬರುತ್ತದೆ, ಆಗ ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ. ಇಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಕಕ್ಷಿದಾರರು ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 132 ಆ ರಕ್ಷಣೆ ಕೊಡುತ್ತದೆ. ಕಾನೂನುಬಾಹಿರ ಉದ್ದೇಶವನ್ನು ಸಾಧಿಸಲು ನೆರವು ಕೇಳಿದರೆ, ಅಥವಾ ವಕೀಲರು ಕೆಲಸ ವಹಿಸಿಕೊಂಡ ನಂತರ ಅಪರಾಧವೋ ವಂಚನೆಯೋ ನಡೆದದ್ದು ಅವರ ಗಮನಕ್ಕೆ ಬಂದರೆ, ಆ ರಕ್ಷಣೆ ಇರುವುದಿಲ್ಲ. ಸ್ನೇಹಿತರಿಗೋ ಪರಿಚಿತ ಹಿರಿಯ ಪ್ರೋಗ್ರಾಮರಿಗೋ ಹೇಳಿದ ಮಾತಿಗೆ ಇಂಥ ರಕ್ಷಣೆ ಇಲ್ಲ.

ಆದ್ದರಿಂದ ಕರಾರಿನ ಕರಡನ್ನೂ, ಗ್ರಾಹಕರೊಂದಿಗಿನ ಇಮೇಲ್‌ಗಳನ್ನೂ, ಬಳಸಿದ ಹೊರಗಿನ ಕೋಡಿನ ಪಟ್ಟಿಯನ್ನೂ ಭೇಟಿಗೆ ಎರಡು ದಿನ ಮುಂಚೆ ಕಳಿಸಿ. ಓದುವ ಸಮಯ ಮಾತಿನ ಸಮಯವನ್ನು ತಿನ್ನುವುದಿಲ್ಲ. ಶುಲ್ಕ ಎಷ್ಟು, ಅದರಲ್ಲಿ ಲಿಖಿತ ಟಿಪ್ಪಣಿ ಸೇರಿದೆಯೇ ಎಂದು ಮೊದಲೇ ಕೇಳಿ. ‘ಎದುರು ಪಕ್ಷದವರೂ ನಿಮ್ಮ ಕಕ್ಷಿದಾರರೇ?’ ಎಂದು ವಕೀಲರನ್ನು ಕೇಳುವುದು ಅವಮರ್ಯಾದೆಯಲ್ಲ, ನಾನಂತೂ ಆ ಪ್ರಶ್ನೆಯನ್ನು ಸ್ವಾಗತಿಸುತ್ತೇನೆ. ಮೊಕದ್ದಮೆ ಗೆದ್ದರೆ ಪಾಲು ಕೊಡುತ್ತೇನೆ, ಈಗ ಶುಲ್ಕ ಬೇಡ ಎನ್ನುವವರಿದ್ದಾರೆ. ಬಾರ್ ಕೌನ್ಸಿಲ್ ನಿಯಮಗಳು ವಕೀಲರು ಹಾಗೆ ಒಪ್ಪಿಕೊಳ್ಳುವುದನ್ನು ನಿಷೇಧಿಸಿವೆ.

ಭೇಟಿಯ ನಂತರ ತಿದ್ದುಪಡಿಗಳನ್ನು ನಾನು ಸರಳ ವಾಕ್ಯಗಳಲ್ಲಿ ಬರೆದು ಕಕ್ಷಿದಾರರಿಗೇ ಕಳಿಸುತ್ತೇನೆ, ಅವರು ಅದನ್ನು ತಮ್ಮ ಹೆಸರಿನಲ್ಲಿ, ತಮ್ಮ ಮಾತಿನಲ್ಲಿ ಗ್ರಾಹಕರಿಗೆ ತಿಳಿಸುತ್ತಾರೆ. ವಕೀಲರ ಹೆಸರಿನ ಕಾಗದ ತಲುಪಿದರೆ ಆ ಕಡೆಯವರೂ ತಮ್ಮ ವಕೀಲರನ್ನು ಕರೆಯುತ್ತಾರೆ, ಕೆಲಸ ಆರಂಭವಾಗುವುದು ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ. ಬರೆದುಕೊಡುವವರೇ ಕಾರಣ ಸಹಿತ ಕೇಳಿದಾಗ ಹಣ ಸಂದಾಯವಾದ ಮೇಲೆ ಹಕ್ಕು ವರ್ಗಾವಣೆ ಎಂಬ ತಿದ್ದುಪಡಿಯನ್ನು ಒಂದೇ ಇಮೇಲಿನಲ್ಲಿ ಒಪ್ಪಿದ ಗ್ರಾಹಕರನ್ನು ಎಷ್ಟೋ ಸಲ ನೋಡಿದ್ದೇನೆ.