ಮಾಕ್ ಟೆಸ್ಟ್‌ಗಳನ್ನು ಬರೆಯುತ್ತಲೇ ಇದ್ದರೂ ಲಿಸನಿಂಗ್, ರೀಡಿಂಗ್ ಅಂಕಗಳು ಏಕೆ ಏರುವುದಿಲ್ಲ?

ಪ್ರಶ್ನೆ: ಇಂಗ್ಲಿಷ್ ಮಾಧ್ಯಮದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಪದವಿಗೆ ಸೇರಲು, ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ತಿಂಗಳುಗಳಿಂದ ಮಾಕ್ ಟೆಸ್ಟ್ ಬರೆಯುತ್ತಿದ್ದರೂ ಲಿಸನಿಂಗ್ ಮತ್ತು ರೀಡಿಂಗ್ ಎರಡರಲ್ಲೂ 40ಕ್ಕೆ 23ರಿಂದ 25ರ ಆಸುಪಾಸಿನಲ್ಲೇ ನಿಂತುಬಿಟ್ಟಿದ್ದೇನೆ. ಇನ್ನೂ ಹೆಚ್ಚು ಟೆಸ್ಟ್ ಬರೆಯಬೇಕೇ, ಅಥವಾ ಅಭ್ಯಾಸದ ಕ್ರಮವನ್ನೇ ಬದಲಿಸಬೇಕೇ?

ಉತ್ತರ: ಕ್ರಮವನ್ನೇ ಬದಲಿಸಬೇಕು. ಮಾಕ್ ಟೆಸ್ಟ್ ನಿಮ್ಮ ಈಗಿನ ಮಟ್ಟವನ್ನು ಅಳೆದು ಹೇಳುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಟೆಸ್ಟ್ ಬರೆದು, ಉತ್ತರಗಳನ್ನು ತಾಳೆ ನೋಡಿ, ಅಂಕ ಎಣಿಸಿ, ಮರುದಿನ ಇನ್ನೊಂದು ಟೆಸ್ಟ್ ತೆರೆಯುವವರು ತಪ್ಪುಗಳನ್ನು ಎಣಿಸುತ್ತಾರೆಯೇ ಹೊರತು ಅವು ಏಕೆ ಆದವೆಂದು ನೋಡುವುದಿಲ್ಲ. ಕಲಿಕೆ ನಡೆಯುವುದು ಟೆಸ್ಟ್ ಮುಗಿದ ಮೇಲೆ, ಅದೇ ಆಡಿಯೊ ಮತ್ತು ಅದೇ ಪಾಠವನ್ನು ಬಿಚ್ಚಿ ನೋಡುವ ಹೊತ್ತಿನಲ್ಲಿ. ಒಂದು ಟೆಸ್ಟ್‌ಗೆ ಒಂದು ಗಂಟೆ ಹಿಡಿದರೆ ಅದರ ಪರಿಶೀಲನೆಗೆ ಎರಡು ಗಂಟೆಯಾದರೂ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಗುರಿ ಎಷ್ಟು ದೂರದಲ್ಲಿದೆ ಎಂದು ನೋಡೋಣ. ಲಿಸನಿಂಗ್‌ನಲ್ಲೂ ಅಕಾಡೆಮಿಕ್ ರೀಡಿಂಗ್‌ನಲ್ಲೂ 40 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ಒಂದು ಅಂಕವಿದೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪ್ರಶ್ನೆಪತ್ರಿಕೆಯಿಂದ ಪ್ರಶ್ನೆಪತ್ರಿಕೆಗೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ 23 ಸರಿ ಉತ್ತರಗಳಿಗೆ 6ನೇ ಬ್ಯಾಂಡ್ (ಫಲಿತಾಂಶದ ಶ್ರೇಣಿ), 30ಕ್ಕೆ 7, 35ಕ್ಕೆ 8 ದೊರೆಯುತ್ತದೆ. ಅಂದರೆ ನೀವು ನಿಂತಿರುವ ಜಾಗಕ್ಕೂ ಅನೇಕ ವಿಶ್ವವಿದ್ಯಾಲಯಗಳು ಕೇಳುವ 7ಕ್ಕೂ ನಡುವೆ ಇರುವುದು ಐದರಿಂದ ಏಳು ಪ್ರಶ್ನೆಗಳು ಮಾತ್ರ. ಇಷ್ಟು ಸಣ್ಣ ಅಂತರವನ್ನು ದಾಟಲು ಇಡೀ ಭಾಷೆಯನ್ನು ಮತ್ತೊಮ್ಮೆ ಕಲಿಯಬೇಕಾಗಿಲ್ಲ. ಪದೇ ಪದೇ ಮರುಕಳಿಸುವ ಎರಡು ಮೂರು ಬಗೆಯ ತಪ್ಪುಗಳನ್ನು ಗುರುತಿಸಿ ಸರಿಪಡಿಸಿಕೊಂಡರೆ ಸಾಕಾಗುತ್ತದೆ.

ಲಿಸನಿಂಗ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಆಡಿಯೊ ಒಂದೇ ಸಲ ಕೇಳಿಸುತ್ತದೆ, ಹಿಂದಿರುಗಿ ನೋಡುವ ಅವಕಾಶವಿಲ್ಲ. ಸುಮಾರು 30 ನಿಮಿಷಗಳ ಈ ವಿಭಾಗದಲ್ಲಿ ನಾಲ್ಕು ಭಾಗಗಳಿವೆ: ದಿನಬಳಕೆಯ ಸಂಭಾಷಣೆ, ದಿನಬಳಕೆಯ ವಿಷಯದ ಮೇಲೆ ಒಬ್ಬರ ಮಾತು, ವಿದ್ಯಾರ್ಥಿಗಳ ಅಥವಾ ವಿದ್ಯಾರ್ಥಿ ಹಾಗೂ ಅಧ್ಯಾಪಕರ ಚರ್ಚೆ, ಕೊನೆಗೆ ಒಂದು ಶೈಕ್ಷಣಿಕ ಉಪನ್ಯಾಸ. ಈ ಉಪನ್ಯಾಸದ ನಡುವೆ, ಉಳಿದ ಮೂರು ಭಾಗಗಳಲ್ಲಿರುವಂತೆ, ಮುಂದಿನ ಪ್ರಶ್ನೆಗಳನ್ನು ಓದಿಕೊಳ್ಳಲು ಬಿಡುವು ಇರುವುದಿಲ್ಲ. ಬಹುತೇಕರು ಸೋಲುವುದು ಇಲ್ಲಿಯೇ.

ಓದಿದರೆ ತಿಳಿಯುವ ವಾಕ್ಯ ಕೇಳಿದರೆ ಏಕೆ ತಿಳಿಯುವುದಿಲ್ಲ ಎಂಬುದಕ್ಕೆ ಕಾರಣ ಕನ್ನಡಿಗರಿಗೆ ಹೊಸದೇನಲ್ಲ. ಕನ್ನಡದಲ್ಲಿ ಪದಗಳು ಕೂಡಿದಾಗ ಸಂಧಿಯಾಗುತ್ತದೆ, ಆ ಸಂಧಿಯನ್ನು ನಾವು ಬರೆಯುತ್ತೇವೆ ಕೂಡ. 'ಊರು' ಮತ್ತು 'ಅಲ್ಲಿ' ಕೂಡಿದರೆ ಕಣ್ಣಿಗೆ ಕಾಣುವುದೂ 'ಊರಲ್ಲಿ' ಎಂದೇ. ಇಂಗ್ಲಿಷ್ ಮಾತಿನಲ್ಲಿಯೂ ಇಂಥದ್ದೇ ಸಂಧಿಕಾರ್ಯ ನಡೆಯುತ್ತದೆ, ಆದರೆ ಬರಹದಲ್ಲಿ ಅದರ ಸುಳಿವು ಸಾಮಾನ್ಯವಾಗಿ ಸಿಗುವುದಿಲ್ಲ. ಶಾಲೆಯಲ್ಲಿ ಕಲಿತ ಲೋಪ, ಆಗಮ, ಆದೇಶ ಎಂಬ ಹೆಸರುಗಳು ಇಲ್ಲಿಗೂ ಚೆನ್ನಾಗಿಯೇ ಒಪ್ಪುತ್ತವೆ: 'ನೆಕ್ಸ್ಟ್ ಡೇ' ಎಂಬುದು 'ನೆಕ್ಸ್ ಡೇ' ಆಗುವುದು ಲೋಪ, 'ಟೆನ್ ಬೈಕ್ಸ್' ಎಂಬುದು 'ಟೆಮ್ ಬೈಕ್ಸ್' ಆಗುವುದು ಆದೇಶ, 'ಸೀ ಇಟ್' ಎಂಬುದು 'ಸೀಯಿಟ್' ಎಂದೂ 'ಗೋ ಔಟ್' ಎಂಬುದು 'ಗೋವೌಟ್' ಎಂದೂ ಕೇಳಿಸುವುದು ಸಾಕ್ಷಾತ್ ಯಕಾರಾಗಮ ಮತ್ತು ವಕಾರಾಗಮ. ಇದರ ಮೇಲೆ 'ಟು', 'ಫಾರ್', 'ಆಫ್', 'ಹ್ಯಾವ್', 'ಕ್ಯಾನ್' ಮುಂತಾದ ಸಣ್ಣ ಪದಗಳು ಒತ್ತಿಲ್ಲದ ಕಡೆ ಅರ್ಧ ಸ್ವರಕ್ಕೆ ಕುಗ್ಗುತ್ತವೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲಿನ ಕಾಲ ಸಿಗುವುದರಿಂದ, ನಮ್ಮ ಕಿವಿ ಇಂಗ್ಲಿಷ್‌ನಲ್ಲೂ ಅದನ್ನೇ ನಿರೀಕ್ಷಿಸಿ ಕಾದು ಕುಳಿತಿರುತ್ತದೆ, ಅಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ಸಂಭಾಷಣೆಯಲ್ಲಿ 'ಯು ಶುಡ್ ಹ್ಯಾವ್ ಹ್ಯಾಂಡೆಡ್ ಇಟ್ ಇನ್ ಬೈ ದಿ ಎಂಡ್ ಆಫ್ ಲಾಸ್ಟ್ ವೀಕ್' ಎಂಬ ವಾಕ್ಯ ಬಂದಿತೆನ್ನಿ. ಸಹಜ ವೇಗದಲ್ಲಿ ಅದು ಸರಿಸುಮಾರು 'ಯುಶುಡ ಹ್ಯಾಂಡಿಡಿಟಿನ್ ಬೈದಿಯೆಂಡವ್ ಲಾಸ್‌ವೀಕ್' ಎಂದು ಕಿವಿಗೆ ಬೀಳುತ್ತದೆ. 'ಶುಡ್', 'ಹ್ಯಾಂಡ್', 'ಎಂಡ್', 'ವೀಕ್' ಎಂಬ ಒತ್ತುಳ್ಳ ಪದಗಳನ್ನು ಮಾತ್ರ ಹಿಡಿದವನಿಗೆ 'ವಾರದ ಕೊನೆಯೊಳಗೆ ಒಪ್ಪಿಸಬೇಕು' ಎಂಬ ಅರ್ಥವಾಗುತ್ತದೆ, ಆದರೆ ಅಧ್ಯಾಪಕರು ಹೇಳಿದ್ದು 'ಕಳೆದ ವಾರದ ಕೊನೆಯೊಳಗೇ ಒಪ್ಪಿಸಬೇಕಾಗಿತ್ತು' ಎಂದು. ಕುಗ್ಗಿಹೋದ ಒಂದು 'ಹ್ಯಾವ್' ಮತ್ತು ಬಾಲ ಕಳೆದುಕೊಂಡ ಒಂದು 'ಲಾಸ್ಟ್' ತಪ್ಪಿದ್ದಕ್ಕೆ ಆಗಿಹೋದ ವಿಳಂಬ ಮುಂದಿನ ಗಡುವಾಗಿ ಬದಲಾಯಿತು. ವಾಕ್ಯದ ಒಂದೊಂದು ಪದವೂ ನಿಮಗೆ ಗೊತ್ತಿದ್ದದ್ದೇ ಎಂಬುದನ್ನು ಗಮನಿಸಿ. ಇನ್ನಷ್ಟು ಪದಗಳನ್ನು ಬಾಯಿಪಾಠ ಮಾಡುವುದರಿಂದ ಈ ತಪ್ಪು ಹೋಗುವುದಿಲ್ಲ.

ಇದಕ್ಕೆ ಹಳೆಯ ಕಾಲದ ಉಕ್ತಲೇಖನಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಲಿಖಿತ ಪಠ್ಯ ಜೊತೆಗಿರುವ ಆಡಿಯೊದಿಂದ ಅರ್ಧ ನಿಮಿಷದಷ್ಟು ತುಣುಕನ್ನು ಆರಿಸಿಕೊಳ್ಳಿ. ಮಾಕ್ ಟೆಸ್ಟ್‌ನಲ್ಲಿ ನೀವು ಉತ್ತರ ತಪ್ಪಿದ ಭಾಗವೇ ಆದರೆ ಇನ್ನೂ ಉತ್ತಮ. ಒಮ್ಮೆ ಸುಮ್ಮನೆ ಕೇಳಿ, ಬಳಿಕ ವಾಕ್ಯವಾಕ್ಯವಾಗಿ ನಿಲ್ಲಿಸುತ್ತ ಕೇಳಿಸಿದ್ದನ್ನು ಬರೆಯಿರಿ. ನಾಲ್ಕೈದು ಸಲ ಕೇಳಿದರೂ ಸಿಗದ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಟ್ಟು, ಆಮೇಲೆ ಪಠ್ಯದೊಂದಿಗೆ ಹೋಲಿಸಿ, ಪ್ರತಿ ಖಾಲಿ ಜಾಗದ ಪಕ್ಕದಲ್ಲೂ ಕಾರಣವನ್ನು ಬರೆಯಿರಿ: ಪದವೇ ಅಪರಿಚಿತವೇ, ಪರಿಚಿತ ಪದದ ಉಚ್ಚಾರಣೆ ಬೇರೆಯಾಗಿ ಕೇಳಿಸಿತೇ, ಪದಗಳೆಲ್ಲ ಕೇಳಿಸಿಯೂ ಅರ್ಥ ಕೂಡಿಬರಲಿಲ್ಲವೇ, ಅಥವಾ ಹಿಂದಿನ ಉತ್ತರ ಬರೆಯುವ ಗಡಿಬಿಡಿಯಲ್ಲಿ ಗಮನವೇ ತಪ್ಪಿತೇ. ಎರಡು ವಾರ ಹೀಗೆ ಮಾಡಿದರೆ ನಿಮ್ಮ ದೌರ್ಬಲ್ಯ ಯಾವ ಕಾರಣದ ಕೆಳಗೆ ಗುಂಪುಗೂಡುತ್ತದೆ ಎಂಬುದು ತಾನಾಗಿಯೇ ಕಾಣುತ್ತದೆ. ಕೊನೆಯಲ್ಲಿ ಪಠ್ಯ ಮುಚ್ಚಿಟ್ಟು ಅದೇ ತುಣುಕನ್ನು ಮತ್ತೆ ಕೇಳಿ, ಮಾತನಾಡುವವರ ಬೆನ್ನಿಗೇ ಅದೇ ವೇಗದಲ್ಲಿ ಗಟ್ಟಿಯಾಗಿ ಹೇಳಿ. ಬಾಯಿಗೆ ಬಂದ ಉಚ್ಚಾರಣೆಯನ್ನು ಕಿವಿ ಬೇಗ ಗುರುತಿಸುತ್ತದೆ. (ಇಂಥದ್ದೇ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಪಿಟಿಇ ಅಕಾಡೆಮಿಕ್‌ನಲ್ಲಿ ಕೇಳಿದ ವಾಕ್ಯವನ್ನು ಹಾಗೆಯೇ ಬರೆಯುವ ಮತ್ತು ಹಾಗೆಯೇ ಪುನರುಚ್ಚರಿಸುವ ಪ್ರಶ್ನೆಗಳೇ ಇರುವುದರಿಂದ ಅದಕ್ಕೆ ಸಿದ್ಧರಾಗುವವರಿಗೆ ಇದು ನೇರ ಅಭ್ಯಾಸವೇ ಆಗುತ್ತದೆ.) ಪಠ್ಯಸಹಿತ ಆಡಿಯೊಗೆ ಬರವಿಲ್ಲ: ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಕಿರು ಕಾರ್ಯಕ್ರಮಗಳು, ಟೆಡ್ ಉಪನ್ಯಾಸಗಳು, ಎಂಐಟಿ ಓಪನ್‌ಕೋರ್ಸ್‌ವೇರ್‌ನ ತರಗತಿಗಳು ಉಚಿತವಾಗಿ ಸಿಗುತ್ತವೆ. ಕೆಲಸ ಮಾಡುತ್ತ ಹಿನ್ನೆಲೆಯಲ್ಲಿ ಇಂಗ್ಲಿಷ್ ಸುದ್ದಿ ಹಾಕಿಕೊಳ್ಳುವುದರಿಂದ ಹಾನಿಯೇನಿಲ್ಲ, ಆದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ಪರೀಕ್ಷೆಯದೇ ಆದ ಕೆಲವು ತಿರುವುಗಳೂ ಇವೆ. ಮೊದಲ ಭಾಗದಲ್ಲಿ ಮಾತನಾಡುವವರು ಒಂದು ಉತ್ತರ ಹೇಳಿ ಅದನ್ನೇ ತಿದ್ದುತ್ತಾರೆ: ಸಭೆ ಮಂಗಳವಾರ ಎಂದುಕೊಂಡಿದ್ದೆವು, ಕೊಠಡಿ ಸಿಗಲಿಲ್ಲ, ಹಾಗಾಗಿ ಗುರುವಾರ. ಮಂಗಳವಾರ ಕೇಳಿಸಿದ ಕೂಡಲೇ ಬರೆದು ಮುಂದೆ ಹೋದವರಿಗೆ ಅಂಕ ಹೋಯಿತು. ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳುವಾಗ 'ಏ', 'ಈ', 'ಐ' ಎಂಬ ಅಕ್ಷರಗಳ ಹೆಸರುಗಳೂ 'ಜಿ', 'ಜೆ'ಗಳೂ ಗೊಂದಲ ಹುಟ್ಟಿಸುತ್ತವೆ; ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರ ಬ್ರಿಟಿಷರ ಬಾಯಲ್ಲಿ 'ಝೆಡ್', ಅಮೆರಿಕನ್ನರ ಬಾಯಲ್ಲಿ 'ಝೀ'. ದೂರವಾಣಿ ಸಂಖ್ಯೆಯಲ್ಲಿ ಸೊನ್ನೆ 'ಓ' ಆಗಬಹುದು, 44 'ಡಬಲ್ ಫೋರ್' ಆಗಬಹುದು. ಕಾಗುಣಿತ ತಪ್ಪಿದರೆ ಅಂಕವಿಲ್ಲ. ಎರಡು ಪದ ಮೀರಬಾರದೆಂಬ ಸೂಚನೆಯಿದ್ದಾಗ ಮೂರು ಪದ ಬರೆದರೂ ಅಂಕವಿಲ್ಲ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರಗಳನ್ನು ವರ್ಗಾಯಿಸಲು ಕೊನೆಗೆ 10 ನಿಮಿಷ ಸಿಗುತ್ತದೆ, ಕಂಪ್ಯೂಟರ್ ಪರೀಕ್ಷೆಯಲ್ಲಿ ಪರಿಶೀಲನೆಗೆ ಸಿಗುವುದು 2 ನಿಮಿಷ ಮಾತ್ರ. ಆದ್ದರಿಂದ ಯಾವ ವಿಧಾನದಲ್ಲಿ ಪರೀಕ್ಷೆ ಬರೆಯುವಿರೋ ಅದೇ ವಿಧಾನದಲ್ಲಿ ಅಭ್ಯಾಸ ಮಾಡಬೇಕು. ಟೋಫೆಲ್ ಎಂಬ ಮತ್ತೊಂದು ಇಂಗ್ಲಿಷ್ ಪರೀಕ್ಷೆ ತೆಗೆದುಕೊಳ್ಳುವವರಿಗೆ ಲೆಕ್ಕವೇ ಬೇರೆ: ಅಲ್ಲಿ ಉಪನ್ಯಾಸ ಮುಗಿದ ಮೇಲಷ್ಟೇ ಪ್ರಶ್ನೆಗಳು ಕಾಣಿಸುವುದರಿಂದ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವೂ ಬೇಕು.

ಇನ್ನು ರೀಡಿಂಗ್. ಸಮಯ ಸಾಲುವುದಿಲ್ಲ ಎಂಬುದು ಎಲ್ಲರ ದೂರು, ಆದರೆ ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಓದಲು ಕೊಡುವ ಮೂರು ಪಾಠಗಳು ಸೇರಿ ಹೆಚ್ಚೆಂದರೆ 2,750 ಪದಗಳು. ನಿಮಿಷಕ್ಕೆ 150 ಪದಗಳ ಸಾಧಾರಣ ವೇಗದಲ್ಲಿ ಓದಿದರೂ ಅದಕ್ಕೆ 20 ನಿಮಿಷಕ್ಕಿಂತ ಕಡಿಮೆ ಸಾಕು. ಒಟ್ಟು 60 ನಿಮಿಷದಲ್ಲಿ ಉಳಿದ 40 ನಿಮಿಷ 40 ಪ್ರಶ್ನೆಗಳಿಗೆ. ಸಮಯ ಹಾಳಾಗುವುದು ಓದಿನಲ್ಲಲ್ಲ, ಪಾಠದ ಯಾವ ಪ್ಯಾರಾದಲ್ಲಿ ಏನಿದೆ ಎಂದು ತಿಳಿಯದೆ ಪ್ರತಿ ಪ್ರಶ್ನೆಗೂ ಮೊದಲಿನಿಂದ ಹುಡುಕುವುದರಲ್ಲಿ. ಪಾಠವನ್ನು ಓದದೆ ನೇರವಾಗಿ ಪ್ರಶ್ನೆಗಳಿಗೆ ಹೋಗಿ ಎಂಬ ಜನಪ್ರಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಐದಾರು ನಿಮಿಷ ಕೊಟ್ಟು ಒಮ್ಮೆ ಓದಿ, ಪ್ರತಿ ಪ್ಯಾರಾದ ವಿಷಯವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡವರಿಗೆ ಹುಡುಕಾಟ ಅರ್ಧಕ್ಕಿಳಿಯುತ್ತದೆ. 'ಟ್ರೂ, ಫಾಲ್ಸ್, ನಾಟ್ ಗಿವನ್' (ಹೇಳಿಕೆ ಸರಿ, ತಪ್ಪು, ಅಥವಾ ಪಾಠದಲ್ಲಿ ಹೇಳಿಲ್ಲ) ಬಗೆಯ ಪ್ರಶ್ನೆಗಳ ಉತ್ತರಗಳು ಪಾಠದಲ್ಲಿ ಅದೇ ಅನುಕ್ರಮದಲ್ಲಿ ಬರುತ್ತವೆ, ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಹೊಂದಿಸುವ ಪ್ರಶ್ನೆಗಳಿಗೆ ಆ ಅನುಕ್ರಮವಿಲ್ಲ ಎಂಬುದನ್ನೂ ನೆನಪಿಡಿ.

ಅತಿ ಹೆಚ್ಚು ಅಂಕ ಕಳೆಯುವುದು ಆ 'ನಾಟ್ ಗಿವನ್'. ಹೊಸ ಗ್ರಂಥಾಲಯದ ವೆಚ್ಚದ ಬಹುಪಾಲನ್ನು ಖಾಸಗಿ ದಾನಿಗಳು ಭರಿಸಿದರು ಎಂದು ಪಾಠದಲ್ಲಿದೆ ಎಂದುಕೊಳ್ಳಿ. 'ಪೂರ್ತಿ ವೆಚ್ಚವನ್ನು ದಾನಿಗಳೇ ಭರಿಸಿದರು' ಎಂಬ ಹೇಳಿಕೆ ಫಾಲ್ಸ್, ಏಕೆಂದರೆ ಬಹುಪಾಲು ಎಂಬ ಮಾತು ಅದನ್ನು ಅಲ್ಲಗಳೆಯುತ್ತದೆ. 'ಸರ್ಕಾರ ಹಣ ನೀಡಲಿಲ್ಲ' ಎಂಬ ಹೇಳಿಕೆ ನಾಟ್ ಗಿವನ್, ಏಕೆಂದರೆ ಉಳಿದ ಪಾಲು ಎಲ್ಲಿಂದ ಬಂತೆಂದು ಪಾಠ ಹೇಳುವುದೇ ಇಲ್ಲ. ಬುದ್ಧಿವಂತ ಓದುಗರೇ ಇಲ್ಲಿ ಹೆಚ್ಚು ಎಡವುತ್ತಾರೆ, ಅವರಿಗೆ ಲೋಕಜ್ಞಾನದಿಂದ ಖಾಲಿ ಜಾಗ ತುಂಬುವ ಅಭ್ಯಾಸವಿರುತ್ತದೆ. ಫಾಲ್ಸ್ ಎಂದು ಬರೆಯುವ ಮುನ್ನ, ಹೇಳಿಕೆಯನ್ನು ಸುಳ್ಳಾಗಿಸುವ ಪದ ಇದೇ ಎಂದು ಪಾಠದಲ್ಲಿ ಬೆರಳಿಟ್ಟು ತೋರಿಸಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಪರಿಶೀಲನೆಯ ಹೊತ್ತಿನಲ್ಲಿ ಎಲ್ಲ 40 ಉತ್ತರಗಳಿಗೂ, ಸರಿಯಾದವುಗಳಿಗೂ, ಹೀಗೆಯೇ ಆಧಾರದ ವಾಕ್ಯವನ್ನು ಅಡಿಗೆರೆ ಹಾಕಿ. ಅದೃಷ್ಟದಿಂದ ಬಂದ ಅಂಕಗಳೂ ಆಗ ಬಯಲಾಗುತ್ತವೆ.

ಪದಸಂಪತ್ತಿಗಾಗಿ ದಪ್ಪ ಪಟ್ಟಿಗಳ ಬೆನ್ನು ಹತ್ತುವ ಮೊದಲು, ನ್ಯೂಜಿಲೆಂಡ್‌ನ ಭಾಷಾತಜ್ಞೆ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಮುಗಿಸಿ. ಅದರಲ್ಲಿರುವುದು 570 ಪದಕುಟುಂಬಗಳು (ಒಂದೇ ಮೂಲದ ಪದಗಳ ಗುಂಪುಗಳು), ಶೈಕ್ಷಣಿಕ ಬರಹದ ಸುಮಾರು 10% ಪದಗಳು ಈ ಪಟ್ಟಿಯವೇ. ಪ್ರತಿ ಪದವನ್ನೂ ನಿಘಂಟಿನ ಆಡಿಯೊದಲ್ಲಿ ಕೇಳಿ ಕಲಿಯಬೇಕು; 'ಶೆಡ್ಯೂಲ್' ಎಂದು ಮಾತ್ರ ಬಲ್ಲವರು 'ಸ್ಕೆಜುಲ್' ಕೇಳಿದಾಗ ಹೊಸ ಪದವೆಂದೇ ಭಾವಿಸುತ್ತಾರೆ. ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆ, ಪರೀಕ್ಷೆಗೆ ಸಂಬಂಧವಿಲ್ಲದ ಸುಲಭ ಓದು ಇರಲಿ, 100 ಪದಗಳಲ್ಲಿ ಎರಡು ಮೂರಕ್ಕಿಂತ ಹೆಚ್ಚು ಅಪರಿಚಿತ ಪದಗಳಿಲ್ಲದಷ್ಟು ಸುಲಭವಾದದ್ದು. ಓದಿನ ವೇಗ ಬೆಳೆಯುವುದು ಇಂಥ ಓದಿನಲ್ಲಿ, ಕಷ್ಟದ ಪಾಠವನ್ನು ತಿಣುಕುತ್ತ ಓದುವುದರಲ್ಲಲ್ಲ.

ಹಾಗಾದರೆ ಮಾಕ್ ಟೆಸ್ಟ್ ಯಾವಾಗ? ವಾರಕ್ಕೆ ಒಂದು ಸಾಕು, ಪರೀಕ್ಷೆಗೆ ಮೂರು ವಾರ ಉಳಿದಾಗ ಎರಡು. ಪರೀಕ್ಷೆ ನಡೆಸುವ ಸಂಸ್ಥೆಗಳೇ ಪ್ರಕಟಿಸಿದ ಪ್ರಶ್ನೆಪತ್ರಿಕೆಗಳಿಗೆ ಆದ್ಯತೆ ಕೊಡಿ, ಏಕೆಂದರೆ ಜಾಲತಾಣಗಳಲ್ಲಿ ಸುಳಿದಾಡುವ ಅನುಕರಣೆಗಳಲ್ಲಿ ನಾಟ್ ಗಿವನ್ ಪ್ರಶ್ನೆಗಳೇ ಎಷ್ಟೋ ಸಲ ತಪ್ಪಾಗಿರುತ್ತವೆ. ಪರೀಕ್ಷೆಯ ದಿನ ಒಂದೇ ವಿಭಾಗದಲ್ಲಿ ಅಂಕ ಕಡಿಮೆಯಾದರೆ, ಕಂಪ್ಯೂಟರ್ ವಿಧಾನದಲ್ಲಿ ಬರೆದವರಿಗೆ ಆ ಸೌಲಭ್ಯವಿರುವ ಕೇಂದ್ರಗಳಲ್ಲಿ 60 ದಿನಗಳೊಳಗೆ ಆ ಒಂದು ವಿಭಾಗವನ್ನು ಮಾತ್ರ ಮತ್ತೆ ಬರೆಯುವ 'ಒನ್ ಸ್ಕಿಲ್ ರೀಟೇಕ್' ಅವಕಾಶವಿದೆ. ಎಲ್ಲ ವಿಶ್ವವಿದ್ಯಾಲಯಗಳೂ ಅಂಥ ಫಲಿತಾಂಶವನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಶುಲ್ಕ ಕಟ್ಟುವ ಮೊದಲು ನೀವು ಅರ್ಜಿ ಹಾಕಿರುವ ವಿಭಾಗದ ಪ್ರವೇಶ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಲಿಖಿತವಾಗಿಯೇ ಪಡೆದುಕೊಳ್ಳಿ.